ಶೀತಸೀಮೆಯ ದ್ರಾಕ್ಷೆತೋಟದ ಮೇಲೆ ಅನಾವೃಷ್ಟಿಯ ಪರಿಣಾಮ

1. ಪೀಠಿಕೆ

ಮಳೆ ಕಡಮೆಯಾದ ವರ್ಷದಲ್ಲಿ ಬೆಳೆಗೆ ಹಾನಿಯೆಂಬುದು ಎಲ್ಲ ರೈತರಿಗೂ ತಿಳಿದಿರುವ ಮಾತು. ಆದರೆ ದ್ರಾಕ್ಷೆಯ ವಿಷಯದಲ್ಲಿ ಈ ಮಾತು ಪೂರ್ಣವಾಗಿ ಸತ್ಯವಲ್ಲ. ದ್ರಾಕ್ಷೆಯು ಬೆಳೆಯಬಹುದಾದ ಸೀಮೆಯ ಉತ್ತರದ ಎಲ್ಲೆಯಲ್ಲಿರುವ ತಂಪು ದೇಶಗಳಲ್ಲಿ, ಮಳೆಯಿಲ್ಲದ ಬೇಸಗೆಯು ಒಬ್ಬನ ತೋಟಕ್ಕೆ ಅತ್ಯುತ್ತಮವಾದ ಫಲವನ್ನು ಕೊಟ್ಟು, ಅದೇ ಗುಡ್ಡದ ಮೇಲುಭಾಗದಲ್ಲಿರುವ ನೆರೆಯವನ ಎಳೆಯ ಗಿಡಗಳನ್ನು ಒಣಗಿಸಿಬಿಡುವುದುಂಟು. ಒಂದೇ ಆಕಾಶದ ಕೆಳಗೆ ಇಷ್ಟು ಭೇದವುಂಟಾಗುವುದಕ್ಕೆ ಕಾರಣವೇನು, ಒಣಗಾಲವು ಗಿಡಕ್ಕೂ ಹಣ್ಣಿಗೂ ಏನು ಮಾಡುತ್ತದೆ, ಅಂಥ ವರ್ಷದಲ್ಲಿ ಬೇಸಾಯಗಾರನು ಮಾಡತಕ್ಕ ಕೆಲಸಗಳಾವುವು ಎಂಬುದನ್ನು ಈ ಪಾಠದಲ್ಲಿ ವಿವರಿಸಿದೆ. ಜರ್ಮನಿ ದೇಶದ ಮೋಸೆಲ್ ಮತ್ತು ರೈನ್ ನದಿಗಳ ದಂಡೆಯ ತೋಟಗಳನ್ನು ಉದಾಹರಣೆಯಾಗಿ ತೆಗೆದುಕೊಂಡಿದೆ. ನಮ್ಮ ದ್ರಾಕ್ಷೆ ಬೆಳೆಗಾರರಿಗೆ ಇದರಿಂದ ದೊರೆಯಬಹುದಾದ ತಿಳಿವಳಿಕೆಯನ್ನು ಕೊನೆಯಲ್ಲಿ ಹೇಳಿದೆ.

2. ಸ್ಥಳ ಮತ್ತು ಹವಾಗುಣ

ಮೋಸೆಲ್ ಮತ್ತು ರೈನ್ ನದಿಗಳ ಈ ಸೀಮೆಯು ಸುಮಾರು 50 ಡಿಗ್ರಿ ಉತ್ತರ ಅಕ್ಷಾಂಶದಲ್ಲಿದೆ. ಚಳಿಗಾಲದಲ್ಲಿ ದ್ರಾಕ್ಷೆಯ ಗಿಡವು ಎಲೆಯುದುರಿಸಿ ಮಲಗಿರುತ್ತದೆ. ಏಪ್ರಿಲ್ ತಿಂಗಳಲ್ಲಿ ಚಿಗುರಿ, ಜೂನ್ ತಿಂಗಳಲ್ಲಿ ಹೂವಾಗಿ, ಸೆಪ್ಟೆಂಬರ್ ಅಕ್ಟೋಬರ್ ತಿಂಗಳುಗಳಲ್ಲಿ ಹಣ್ಣು ಕೊಯ್ಲಿಗೆ ಬರುವುದು ಹಿಂದಿನಿಂದ ಬಂದ ವಾಡಿಕೆ. ಇಲ್ಲಿಯ ಮುಖ್ಯವಾದ ತಳಿ ರೀಸ್ಲಿಂಗ್ ಎಂಬುದು. ಇದರ ಹಣ್ಣಿನಿಂದ ಬಿಳಿಯ ದ್ರಾಕ್ಷಾಮದ್ಯವನ್ನು ತಯಾರಿಸುತ್ತಾರೆ. ಬಿಸಿಲು ಸಾಲದೆ ಹಣ್ಣು ಹುಳಿಯಾಗಿಯೇ ಉಳಿಯುವುದು ಈ ಸೀಮೆಯ ಬಹುಕಾಲದ ಕಷ್ಟ. ಅದಕ್ಕಾಗಿಯೇ ಇಲ್ಲಿಯವರು ದಕ್ಷಿಣಕ್ಕೆ ಮುಖವಾದ ಕಡಿದಾದ ಇಳಿಜಾರುಗಳನ್ನು ಹುಡುಕಿ, ಬಿಸಿಲು ನೇರವಾಗಿ ಬೀಳುವಂತೆ ತೋಟಗಳನ್ನು ಹಾಕಿದರು. ಬ್ರೆಮ್ ಗ್ರಾಮದ ಕಾಲ್ಮಾಂಟ್ ಎಂಬ ಗುಡ್ಡದ ಇಳಿಜಾರು ಕೆಲವೆಡೆ 60 ಡಿಗ್ರಿಗೂ ಮಿಕ್ಕಿದೆ. ಬಿಸಿಲಿಗಾಗಿ ಆರಿಸಿದ ಈ ಸ್ಥಳಗಳೇ ಮಳೆಯಿಲ್ಲದ ವರ್ಷದಲ್ಲಿ ಮೊದಲು ಬಾಯಾರುವ ಸ್ಥಳಗಳೆಂಬುದನ್ನು ವಾಚಕರು ಗಮನಿಸಬೇಕು.

ರೈನ್ ದಂಡೆಯ ಗೈಸೆನ್‌ಹೈಮ್ ಊರಿನಲ್ಲಿ 1872ರಲ್ಲಿ ಸ್ಥಾಪಿತವಾದ ದ್ರಾಕ್ಷೆಬೇಸಾಯದ ವಿದ್ಯಾಲಯವಿದೆ. ಆ ಊರಿನ ವಾರ್ಷಿಕ ಮಳೆ ಸುಮಾರು 540 ಮಿಲಿಮೀಟರ್, ಎಂದರೆ 21 ಅಂಗುಲ. ಇದು ನಮ್ಮ ವಿಜಯಪುರ ಸೀಮೆಯ ಮಳೆಗಿಂತ ಹೆಚ್ಚೇನೂ ಅಲ್ಲ. ಹೀಗಿದ್ದರೂ ಅಲ್ಲಿ ನೀರು ಹಾಯಿಸದೆ ದ್ರಾಕ್ಷೆ ಬೆಳೆಯುವುದು ಹೇಗೆಂದು ಸಂದೇಹ ಬರಬಹುದು. ಅಲ್ಲಿ ಮಳೆ ಒಂದೇ ಕಾಲದಲ್ಲಿ ಸುರಿದು ಹೋಗದೆ ವರ್ಷವೆಲ್ಲ ಹಂಚಿ ಬೀಳುತ್ತದೆ. ಚಳಿಗಾಲದಲ್ಲಿ ಬಿದ್ದ ನೀರು ಆವಿಯಾಗದೆ ನೆಲದಲ್ಲಿ ಸೇರಿಕೊಳ್ಳುತ್ತದೆ. ಬೇಸಗೆಯಲ್ಲಿಯೂ ಹವೆಯು ತಂಪಾದುದರಿಂದ ಗಿಡದ ಖರ್ಚು ಕಡಮೆ. ಬೇಸಗೆಯ ಬಿಸಿ ಹೆಚ್ಚಿ, ಮಳೆಯೂ ತಪ್ಪಿದಾಗ ಈ ಲೆಕ್ಕವೆಲ್ಲವೂ ತಲೆಕೆಳಗಾಗುತ್ತದೆ.

3. ನೆಲವೆಂಬ ಕಣಜ

ಅನಾವೃಷ್ಟಿಯನ್ನು ಆಕಾಶದಿಂದ ಮಾತ್ರ ಅಳೆಯತಕ್ಕದ್ದಲ್ಲ, ನೆಲದಿಂದಲೂ ಅಳೆಯತಕ್ಕದ್ದು. ನೆಲವು ನೀರಿನ ಕಣಜ. ಗಾಳಿಯು ಪೂರ್ವಕಾಲದಲ್ಲಿ ಹೊತ್ತು ತಂದು ಹಾಕಿದ ನುಣ್ಣನೆಯ ಹಳದಿ ಮಣ್ಣು ರೈನ್ ಕಣಿವೆಯ ತಗ್ಗುಗಳಲ್ಲಿ ಆಳವಾಗಿದೆ. ಇಂಥ ಮಣ್ಣು ಒಂದು ಮೀಟರ್ ಆಳದಲ್ಲಿ ಗಿಡಕ್ಕೆ ಒದಗತಕ್ಕ ನೀರನ್ನು ಸುಮಾರು 200 ಮಿಲಿಮೀಟರ್‌ನಷ್ಟು ಹಿಡಿದಿಡಬಲ್ಲುದು. ಮೋಸೆಲ್ ಇಳಿಜಾರುಗಳ ತೆಳುವಾದ ಸ್ಲೇಟುಕಲ್ಲಿನ ನೆಲದಲ್ಲಿ ಕಲ್ಲೇ ಹೆಚ್ಚು, ಮಣ್ಣು ಕಡಮೆ. ಅಲ್ಲಿ 60 ಮಿಲಿಮೀಟರ್‌ನಷ್ಟು ನೀರು ಮಾತ್ರ ನಿಲ್ಲುವ ತೋಟವೊಂದನ್ನು ಲೆಕ್ಕಕ್ಕಾಗಿ ತೆಗೆದುಕೊಳ್ಳೋಣ. ನಡುಬೇಸಗೆಯಲ್ಲಿ ತೋಟವು ದಿನಕ್ಕೆ 2 ಮಿಲಿಮೀಟರ್ ನೀರನ್ನು ಖರ್ಚುಮಾಡುವುದಾದರೆ, ಮಳೆಯೇ ಬಾರದಿದ್ದಲ್ಲಿ ಆಳವಾದ ಮಣ್ಣಿನ ದಾಸ್ತಾನು 100 ದಿನಗಳಿಗೆ ಆಗುತ್ತದೆ. ಕಲ್ಲುನೆಲದ ದಾಸ್ತಾನು 30 ದಿನಗಳಲ್ಲಿ ತೀರಿಹೋಗುತ್ತದೆ. ನೀರು ತೀರುತ್ತ ಬಂದಂತೆ ಗಿಡವು ಖರ್ಚನ್ನು ತಾನೇ ಇಳಿಸಿಕೊಳ್ಳುವುದರಿಂದ ವಾಸ್ತವದಲ್ಲಿ ದಿನಗಳು ಸ್ವಲ್ಪ ಹೆಚ್ಚಬಹುದು. ಆದರೂ ಎರಡು ನೆಲಗಳಿಗಿರುವ ತಾರತಮ್ಯವು ಇದರಿಂದ ಸ್ಪಷ್ಟವಾಗುವುದು.

ಗಿಡದ ವಯಸ್ಸೂ ಮುಖ್ಯವೇ. ಹಳೆಯ ಗಿಡದ ಬೇರುಗಳು ಕಲ್ಲಿನ ಬಿರುಕುಗಳಲ್ಲಿ ಹಲವು ಅಡಿ ಆಳಕ್ಕೆ ಇಳಿದು ತೇವವನ್ನು ಹುಡುಕಿಕೊಳ್ಳುತ್ತವೆ. ಒಂದೆರಡು ವರ್ಷದ ಸಸಿಗೆ ಮೇಲ್ಪದರದ ತೇವವೊಂದೇ ಗತಿ. ಆದುದರಿಂದ ಅನಾವೃಷ್ಟಿಯಲ್ಲಿ ಮೊದಲು ಸಾಯತಕ್ಕವು ಎಳೆಯ ಗಿಡಗಳು.

4. ಗಿಡವು ಕೊರತೆಯನ್ನು ತಾಳುವ ಬಗೆ

ನೀರು ಕಡಮೆಯಾದಾಗ ದ್ರಾಕ್ಷೆಯ ಗಿಡವು ಮೊದಲು ಚಿಗುರಿನ ಬೆಳವಣಿಗೆಯನ್ನು ನಿಲ್ಲಿಸುತ್ತದೆ. ತರುವಾಯ ಎಲೆಯ ಸೂಕ್ಷ್ಮರಂಧ್ರಗಳನ್ನು ಮುಚ್ಚಿಕೊಳ್ಳುತ್ತದೆ. ಈ ರಂಧ್ರಗಳ ಮೂಲಕವೇ ನೀರು ಆವಿಯಾಗಿ ಹೊರಕ್ಕೆ ಹೋಗುವುದು. ಇವುಗಳ ಮೂಲಕವೇ ಸಕ್ಕರೆಯ ತಯಾರಿಕೆಗೆ ಬೇಕಾದ ಅಂಗಾರಾಮ್ಲವಾಯುವು ಒಳಕ್ಕೆ ಬರುವುದು. ಬಾಗಿಲು ಮುಚ್ಚಿದರೆ ನೀರು ಉಳಿಯುತ್ತದೆ, ಆದರೆ ಸಕ್ಕರೆಯ ತಯಾರಿಕೆ ಕುಗ್ಗುತ್ತದೆ.

ಇದರಿಂದ ಎರಡು ವಿಧವಾದ ಫಲಗಳುಂಟು. ಕೊರತೆಯು ಮಿತವಾಗಿದ್ದರೆ ಚಿಗುರು ನಿಂತು, ಎಲೆಯು ಮಾತ್ರ ಕೆಲಸಮಾಡುತ್ತಿದ್ದು, ತಯಾರಾದ ಸಕ್ಕರೆಯು ಹಣ್ಣಿಗೆ ಹರಿಯುತ್ತದೆ. ಎಲೆಗಳ ದಟ್ಟಣೆ ಕಡಮೆಯಾಗಿ ಗೊಂಚಲಿಗೆ ಗಾಳಿಬೆಳಕು ದೊರೆಯುತ್ತದೆ. ಇದು ತಂಪುಸೀಮೆಯವನ ಪಾಲಿಗೆ ಲಾಭ. ಕೊರತೆಯು ಅತಿಯಾದರೆ ಎಲೆಯೇ ಕೆಲಸ ನಿಲ್ಲಿಸುತ್ತದೆ; ಬುಡದ ಎಲೆಗಳು ಹಳದಿಯಾಗಿ ಉದುರುತ್ತವೆ; ಹಣ್ಣು ಮಾಗದೆಯೇ ಬಾಡುತ್ತದೆ. ಲಾಭಕ್ಕೂ ನಷ್ಟಕ್ಕೂ ನಡುವೆ ಕೆಲವು ವಾರಗಳ ಅಂತರ ಮಾತ್ರವಿರುವುದರಿಂದ ಬೇಸಾಯಗಾರನು ಗಿಡವನ್ನು ಪ್ರತಿದಿನ ನೋಡುತ್ತಿರಬೇಕು.

5. ಕೊರತೆಯು ಬಂದ ಕಾಲದ ಮೇಲೆ ಫಲ

(ಅ) ಚಿಗುರಿದಂದಿನಿಂದ ಹೂವಿನವರೆಗೆ: ಸಾಮಾನ್ಯವಾಗಿ ಚಳಿಗಾಲದ ನೀರು ಇನ್ನೂ ನೆಲದಲ್ಲಿರುವುದರಿಂದ ಅಪಾಯ ಕಡಮೆ. ಚಳಿಗಾಲವೂ ಒಣಗಿದ್ದುದಾದರೆ ಚಿಗುರು ಗಿಡ್ಡಾಗಿ, ಹೂವು ಉದುರಿ, ಕಾಯಿ ವಿರಳವಾಗುವುದು.

(ಆ) ಕಾಯಿ ಕಟ್ಟಿದಂದಿನಿಂದ ಬಣ್ಣ ತಿರುಗುವವರೆಗೆ: ಇದು ಕಾಯಿಯ ಗಾತ್ರವು ನಿಶ್ಚಯವಾಗುವ ಕಾಲ. ಈಗ ಕೊರತೆಯಾದರೆ ಕಾಯಿ ಸಣ್ಣದಾಗುವುದು. ಮುಂದೆ ಮಳೆ ಬಂದರೂ ಆ ನಷ್ಟವು ಪೂರ್ಣವಾಗಿ ತುಂಬುವುದಿಲ್ಲ.

(ಇ) ಬಣ್ಣ ತಿರುಗಿದಂದಿನಿಂದ ಕೊಯ್ಲಿನವರೆಗೆ: ಮಿತವಾದ ಕೊರತೆಯು ಈಗ ಹಿತಕರ. ಅತಿಯಾದರೆ ಸಕ್ಕರೆಯ ಏರಿಕೆ ನಿಂತುಹೋಗುವುದು. ಕೆಲವು ವೇಳೆ ಹಣ್ಣು ಬಾಡಿ ನೀರು ಕಳೆದುಕೊಂಡುದರಿಂದಲೇ ಸಕ್ಕರೆಯ ಅಳತೆ ಹೆಚ್ಚಿದಂತೆ ಕಾಣುವುದು. ಇದು ನಿಜವಾದ ಮಾಗುವಿಕೆಯಲ್ಲ. ಬಹುಕಾಲ ಒಣಗಿದ ಮೇಲೆ ಒಮ್ಮೆಲೇ ದೊಡ್ಡ ಮಳೆ ಬಂದರೆ ಬಿಗಿಯಾದ ಗೊಂಚಲುಗಳಲ್ಲಿ ಹಣ್ಣು ಬಿರಿದು ಕೊಳೆಯುವುದು.

(ಈ) ಮುಂದಿನ ವರ್ಷ: ಮುಂಬರುವ ವರ್ಷದ ಗೊಂಚಲಿನ ಅಂಕುರವು ಈ ವರ್ಷದ ಬೇಸಗೆಯಲ್ಲಿಯೇ, ಹೂಬಿಡುವ ಕಾಲದ ಆಸುಪಾಸಿನಲ್ಲಿ, ಮೊಗ್ಗಿನೊಳಗೆ ರೂಪುಗೊಳ್ಳತೊಡಗುತ್ತದೆ. ಮುಂದಿನ ವಸಂತದ ಮೊದಲ ಚಿಗುರಿಗೆ ಬೇಕಾದ ಪಿಷ್ಟವೂ ಕೊಯ್ಲಿನ ಹಿಂದುಮುಂದು ಬೇರಿನಲ್ಲಿಯೂ ಕಾಂಡದಲ್ಲಿಯೂ ಶೇಖರವಾಗುತ್ತದೆ. ಎಲೆಗಳು ಅಕಾಲದಲ್ಲಿ ಉದುರಿದ ಗಿಡಕ್ಕೆ ಈ ಶೇಖರಣೆಯಿಲ್ಲ. ಆದುದರಿಂದ ಒಂದು ವರ್ಷದ ಅನಾವೃಷ್ಟಿಯು ಎರಡು ವರ್ಷಗಳ ಬೆಳೆಯನ್ನು ಮುಟ್ಟುವುದುಂಟು.

6. ಹಣ್ಣಿನ ರಸದ ಮೇಲೆ ಪರಿಣಾಮ

ದ್ರಾಕ್ಷೆಯ ಹುಳಿಗೆ ಮುಖ್ಯವಾಗಿ ಎರಡು ಆಮ್ಲಗಳು ಕಾರಣ: ಟಾರ್ಟಾರಿಕ್ ಆಮ್ಲ ಮತ್ತು ಮ್ಯಾಲಿಕ್ ಆಮ್ಲ. ಇವುಗಳಲ್ಲಿ ಮ್ಯಾಲಿಕ್ ಆಮ್ಲವು ಬಿಸಿಯಲ್ಲಿ ಬೇಗ ವ್ಯಯವಾಗುತ್ತದೆ. ಟಾರ್ಟಾರಿಕ್ ಆಮ್ಲವು ಬಹುಮಟ್ಟಿಗೆ ಸ್ಥಿರ. ತಂಪು ವರ್ಷದಲ್ಲಿ ಹುಳಿ ಹೆಚ್ಚೆಂದು ದುಃಖಿಸುವವನು ಬಿಸಿಯಾದ ಒಣವರ್ಷದಲ್ಲಿ ಹುಳಿಯೇ ಸಾಲದೆಂದು ದುಃಖಿಸಬೇಕಾಗುವುದು. ಹುಳಿ ಕಡಮೆಯಾದ ಮದ್ಯವು ಸಪ್ಪೆಯಾಗಿ, ಬಹುಕಾಲ ಕೆಡದೆ ನಿಲ್ಲುವುದಿಲ್ಲ.

ಎರಡನೆಯದು ಸಾರಜನಕ. ನೆಲದಲ್ಲಿ ಸಾರಜನಕವಿದ್ದರೂ ತೇವವಿಲ್ಲದೆ ಬೇರು ಅದನ್ನು ಹೀರಲಾರದು. ರಸದಲ್ಲಿ ಸಾರಜನಕವು ಕಡಮೆಯಾದರೆ ಹುಳಿಯಿಸುವ ಯೀಸ್ಟ್ ಎಂಬ ಸೂಕ್ಷ್ಮಜೀವಿಗೆ ಆಹಾರ ಸಾಲದೆ ಹುಳಿಯುವ ಕ್ರಿಯೆಯು ನಡುವೆ ನಿಂತುಹೋಗಬಹುದು. ಬರದಿಂದ ಬಳಲಿದ ತೋಟಗಳ ಬಿಳಿಯ ಮದ್ಯವು ಕೆಲವೇ ತಿಂಗಳುಗಳಲ್ಲಿ ಹಳಸಿದಂಥ ವಾಸನೆಯನ್ನು ತಾಳುವ ದೋಷವನ್ನು ಜರ್ಮನಿಯಲ್ಲಿ 1980ರ ದಶಕದ ಕೊನೆಯಿಂದೀಚೆಗೆ ಗುರುತಿಸಿ ವಿಚಾರಮಾಡಿದ್ದಾರೆ. ಸಕ್ಕರೆಯ ಅಳತೆಯನ್ನು ಮಾತ್ರ ನೋಡಿ ಬೇಗ ಕೊಯ್ದ, ಗಿಡಕ್ಕೆ ಭಾರವಾದ ಬೆಳೆಯಲ್ಲಿ ಈ ದೋಷವು ಹೆಚ್ಚು.

ಒಳ್ಳೆಯ ಪಕ್ಷವನ್ನೂ ಹೇಳಬೇಕು. ಮಳೆಯಿಲ್ಲದ ಬೇಸಗೆಯಲ್ಲಿ ಬೂಜುತುಪ್ಪಟ ರೋಗವೂ ಗೊಂಚಲಿನ ಕೊಳೆಯೂ ಬಹಳ ಕಡಮೆ. ಕೆಂಪು ದ್ರಾಕ್ಷೆಯಲ್ಲಿ ಹಣ್ಣು ಸಣ್ಣದಾಗಿ ಸಿಪ್ಪೆಯ ಪ್ರಮಾಣ ಹೆಚ್ಚುವುದರಿಂದ ಬಣ್ಣವು ಗಾಢವಾಗುವುದು. ಬೂದಿರೋಗಕ್ಕೆ ಮಾತ್ರ ಮಳೆಯ ಅವಶ್ಯವಿಲ್ಲದುದರಿಂದ ಅದರ ವಿಷಯದಲ್ಲಿ ಎಚ್ಚರ ತಪ್ಪಬಾರದು.

7. ಮೂರು ವರ್ಷಗಳ ಅನುಭವ

2003: ಈ ಬೇಸಗೆಯಲ್ಲಿ ಯೂರೋಪಿನ ಮಧ್ಯಭಾಗವೆಲ್ಲ ಬೆಂದುಹೋಯಿತು. ಹಣ್ಣಿನ ಹುಳಿ ಎಷ್ಟು ಇಳಿಯಿತೆಂದರೆ, ಸಕ್ಕರೆ ಸೇರಿಸುವುದಕ್ಕೆ ಮಾತ್ರ ಅನುಮತಿಯಿದ್ದ ಜರ್ಮನಿಯಂಥ ಉತ್ತರದ ಸೀಮೆಗಳಿಗೆ ಆ ವರ್ಷ ರಸಕ್ಕೆ ಆಮ್ಲವನ್ನು ಸೇರಿಸಲು ಯೂರೋಪು ಒಕ್ಕೂಟದವರು ವಿಶೇಷಾಜ್ಞೆಯಿಂದ ಅವಕಾಶ ಕೊಡಬೇಕಾಯಿತು.

2018: ಜರ್ಮನಿ ದೇಶದ ಸರಾಸರಿ ಮಳೆ ಸುಮಾರು 790 ಮಿಲಿಮೀಟರ್ ಇರತಕ್ಕದ್ದು, ಈ ವರ್ಷ ಸುಮಾರು 590 ಮಿಲಿಮೀಟರ್ ಮಾತ್ರ ಬಿದ್ದಿತು. ಅಕ್ಟೋಬರಿನಲ್ಲಿ ಕೌಬ್ ಎಂಬ ಊರಿನ ಬಳಿ ರೈನ್ ನದಿಯ ನೀರು ತೀರ ಇಳಿದು, ಸರಕಿನ ಹಡಗುಗಳು ಪೂರ್ಣ ಭಾರದೊಡನೆ ಸಾಗಲಾರದೆ ಹೋದವು. ಆದರೂ ದೇಶದ ದ್ರಾಕ್ಷಾಮದ್ಯದ ಉತ್ಪತ್ತಿಯು 1 ಕೋಟಿ ಹೆಕ್ಟೋಲೀಟರಿಗೂ ಮಿಕ್ಕಿತು. ವಸಂತದ ಹಿಮದಿಂದ ನಷ್ಟಹೊಂದಿದ್ದ 2017ಕ್ಕಿಂತ ಇದು ಬಹಳ ಹೆಚ್ಚು. ಆ ವರ್ಷದ ಜನವರಿಯಲ್ಲಿ ರೈನ್ ನದಿಗೆ ಪ್ರವಾಹ ಬರುವಷ್ಟು ಮಳೆಯಾಗಿ ನೆಲದ ಕಣಜವು ತುಂಬಿತ್ತು, ಹೂವು ಚೆನ್ನಾಗಿ ಕಟ್ಟಿತು, ರೋಗವಿರಲಿಲ್ಲ. ಆಳವಾದ ನೆಲದ ಹಳೆಯ ತೋಟಗಳಿಗೆ ಇದು ಸುಭಿಕ್ಷದ ವರ್ಷವಾಯಿತು. ತೆಳುನೆಲದ ಎಳೆಯ ತೋಟಗಳಿಗೆ ಕಷ್ಟವು ತಪ್ಪಲಿಲ್ಲ.

2019: ಜುಲೈ 24 ಮತ್ತು 25ರಂದು ಜರ್ಮನಿಯ ಪಶ್ಚಿಮಭಾಗದಲ್ಲಿ ಉಷ್ಣತೆಯು 40 ಡಿಗ್ರಿ ಸೆಂಟಿಗ್ರೇಡನ್ನು ದಾಟಿತು. ಬಿಸಿಲಿಗೆ ತೆರೆದಿದ್ದ ಗೊಂಚಲುಗಳು ಸುಟ್ಟು ಕಂದು ಬಣ್ಣಕ್ಕೆ ತಿರುಗಿ ಒಣಗಿದವು. ಗಾಳಿಬೆಳಕು ಬರಲೆಂದು ಹಿಂದಿನ ವಾಡಿಕೆಯಂತೆ ಎಲೆ ಕಿತ್ತವರ ತೋಟಗಳಲ್ಲಿಯೇ ನಷ್ಟವು ಹೆಚ್ಚು. ತಂಪು ವರ್ಷದ ಒಳ್ಳೆಯ ಪದ್ಧತಿಯು ಒಣವರ್ಷದಲ್ಲಿ ದೋಷವಾಗುವುದಕ್ಕೆ ಇದಕ್ಕಿಂತ ಉತ್ತಮವಾದ ಉದಾಹರಣೆ ಬೇಕಿಲ್ಲ.

ಇವು ಆಕಸ್ಮಿಕವಾದ ವರ್ಷಗಳೆಂದು ತಳ್ಳಿಬಿಡಲಾಗದು. ನೆರೆಯ ಫ್ರಾನ್ಸ್ ದೇಶದ ಬೋನ್ ಪಟ್ಟಣದಲ್ಲಿ 1354ರಿಂದ 2018ರವರೆಗಿನ ಕೊಯ್ಲಿನ ದಿನಾಂಕಗಳನ್ನು ಹಳೆಯ ದಾಖಲೆಗಳಿಂದ ಕೂಡಿಸಿ 2019ರಲ್ಲಿ ಪ್ರಕಟಿಸಿದರು. 1987ರವರೆಗೆ ಸರಾಸರಿಯಲ್ಲಿ ಸೆಪ್ಟೆಂಬರ್ 28ರಂದು ಆರಂಭವಾಗುತ್ತಿದ್ದ ಕೊಯ್ಲು, 1988ರಿಂದೀಚೆಗೆ ಸರಾಸರಿ 13 ದಿನ ಮುಂಚಿತವಾಗಿ ಆರಂಭವಾಗಿದೆ.

8. ಕೊರತೆಯ ಲಕ್ಷಣಗಳು

ಚಿಗುರಿನ ತುದಿಯನ್ನು ಮೊದಲು ನೋಡಬೇಕು. ತುದಿಯ ಸುರುಳಿತಂತುಗಳು ಎಲೆಗಳನ್ನು ಮೀರಿ ಬಿಗಿಯಾಗಿ ನಿಂತಿದ್ದರೆ ನೀರು ಸಾಕಷ್ಟಿದೆ. ಅವು ಜೋತುಬಿದ್ದರೆ ಅಥವಾ ಒಣಗಿ ಉದುರಿದರೆ ಕೊರತೆ ಆರಂಭವಾಗಿದೆ. ಮಧ್ಯಾಹ್ನದಲ್ಲಿ ಬಿಸಿಲಿನ ಎಲೆಯನ್ನು ಅಂಗೈಯಲ್ಲಿ ಹಿಡಿದರೆ ತಂಪಾಗಿರಬೇಕು. ಬಿಸಿಯಾಗಿದ್ದರೆ ರಂಧ್ರಗಳು ಮುಚ್ಚಿವೆ ಎಂದು ತಿಳಿಯಬೇಕು. ಗೊಂಚಲಿನ ಬಳಿಯ ಎಲೆಗಳು ಹಳದಿಯಾಗುವುದು ಕೊರತೆಯು ಅತಿಯಾದುದರ ಗುರುತು.

ಪ್ರಯೋಗಶಾಲೆಯವರು ಸೂರ್ಯೋದಯಕ್ಕೆ ಮುಂಚೆ ಎಲೆಯನ್ನು ಕೊಯ್ದು, ತೊಟ್ಟಿನ ತುದಿ ಮಾತ್ರ ಹೊರಗಿರುವಂತೆ ಲೋಹದ ಪಾತ್ರೆಯಲ್ಲಿ ಮುಚ್ಚಿ, ವಾಯುವಿನ ಒತ್ತಡವನ್ನು ಏರಿಸುತ್ತಾರೆ. ತೊಟ್ಟಿನಲ್ಲಿ ರಸವು ಕಾಣಿಸಿಕೊಂಡಾಗಿನ ಒತ್ತಡವೇ ಗಿಡದ ಬಾಯಾರಿಕೆಯ ಅಳತೆ. 2 ಬಾರ್‌ಗಿಂತ ಕಡಮೆಯಾದರೆ ಕೊರತೆಯಿಲ್ಲ. 3ರಿಂದ 5 ಬಾರ್ ಮಿತವಾದುದು. 8 ಬಾರ್ ಮೀರಿದರೆ ತೀವ್ರವಾದುದು.

9. ಮಾಡತಕ್ಕ ಕೆಲಸಗಳು

(ಅ) ಸಾಲುಗಳ ನಡುವಣ ಹುಲ್ಲು: ಇಳಿಜಾರಿನಲ್ಲಿ ಮಣ್ಣು ಕೊಚ್ಚಿಹೋಗದಂತೆ ಹುಲ್ಲು ಬೆಳಸುವುದು ಅಲ್ಲಿಯ ಪದ್ಧತಿ. ಒಣವರ್ಷದಲ್ಲಿ ಹುಲ್ಲು ಗಿಡದ ನೀರಿಗೆ ಪಾಲುಗಾರನಾಗುತ್ತದೆ. ಅದನ್ನು ಬುಡಕ್ಕೆ ಕತ್ತರಿಸಿ ಅಲ್ಲಿಯೇ ಹಾಸಬೇಕು. ಒಂದು ಸಾಲು ಬಿಟ್ಟು ಒಂದು ಸಾಲಿನಲ್ಲಿ ಮೇಲ್ಮಣ್ಣನ್ನು ಕೆದಕಿ ಹುಲ್ಲನ್ನು ಮುರಿಯಬಹುದು. ಎಲ್ಲ ಸಾಲುಗಳನ್ನೂ ಒಮ್ಮೆಗೆ ಕೆದಕಿದರೆ, ಒಣಗಾಲದ ಕೊನೆಗೆ ಬರುವ ಗುಡುಗುಮಳೆಯು ಮಣ್ಣನ್ನೇ ಕೊಂಡೊಯ್ಯುವುದು.

(ಆ) ಹೊದಿಕೆ: ಒಣಹುಲ್ಲನ್ನು ಗಿಡದ ಬುಡಕ್ಕೆ ದಪ್ಪವಾಗಿ ಹೊದಿಸಿದರೆ ತೇವವು ಉಳಿಯುವುದು. ನೆಲ ಇನ್ನೂ ಹಸಿಯಾಗಿರುವಾಗಲೇ ಇದನ್ನು ಮಾಡಬೇಕು. ಒಣಗಿದ ಮೇಲೆ ಹೊದಿಸಿ ಪ್ರಯೋಜನವಿಲ್ಲ.

(ಇ) ಎಲೆಯ ಹದ: ಪಂದಿಯ ಎತ್ತರವನ್ನು ಸ್ವಲ್ಪ ಇಳಿಸಿದರೆ ನೀರಿನ ಖರ್ಚು ತಗ್ಗುವುದು. ಗೊಂಚಲಿನ ಬಳಿ ಎಲೆ ಕೀಳುವುದಾದರೆ ಬೆಳಗಿನ ಬಿಸಿಲಿನ ಕಡೆಯಲ್ಲಿ ಮಾತ್ರ ಕೀಳಬೇಕು. ಮಧ್ಯಾಹ್ನದ ಬಿಸಿಲಿನ ಕಡೆಯ ಎಲೆಯು ಹಣ್ಣಿಗೆ ಕೊಡೆಯಿದ್ದಂತೆ, ಅದನ್ನು ಮುಟ್ಟಬಾರದು.

(ಈ) ಗೊಂಚಲು ಕಡಮೆಮಾಡುವುದು: ಎಳೆಯ ಗಿಡಗಳಲ್ಲಿ ಎಲ್ಲ ಗೊಂಚಲುಗಳನ್ನೂ, ಬಳಲಿದ ದೊಡ್ಡ ಗಿಡಗಳಲ್ಲಿ ಒಂದು ಭಾಗವನ್ನೂ ಬಣ್ಣ ತಿರುಗುವ ಮೊದಲೇ ತೆಗೆದುಬಿಡಬೇಕು. ಬೆಳೆಸಿದ ಕಾಯನ್ನು ತನ್ನ ಕೈಯಿಂದಲೇ ನೆಲಕ್ಕೆ ಕೆಡಹುವುದು ಯಾವ ಬೇಸಾಯಗಾರನಿಗೂ ಸಂತೋಷದ ಕೆಲಸವಲ್ಲ. ಆದರೆ ನಾಟಿಯಾದ ಗಿಡವು ಫಲಕ್ಕೆ ಬರಲು ಸುಮಾರು 3 ವರ್ಷ ಬೇಕು. ಫಲಕ್ಕೆ ಬಂದ ಗಿಡವು 30 ವರ್ಷಗಳಿಗೂ ಮಿಕ್ಕಿ ಬದುಕುವುದು. ಒಂದು ವರ್ಷದ ಬುಟ್ಟಿಯನ್ನು ಉಳಿಸಲು ಹೋಗಿ ಅಷ್ಟು ವರ್ಷಗಳ ಗಿಡವನ್ನು ಕಳೆದುಕೊಳ್ಳುವುದು ವಿವೇಕವಲ್ಲ.

(ಉ) ನೀರು ಕೊಡುವುದು: ಒಂದು ಹೆಕ್ಟೇರಿನಲ್ಲಿ, ಎಂದರೆ ಸುಮಾರು ಎರಡೂವರೆ ಎಕರೆಯಲ್ಲಿ, 5,000 ಗಿಡಗಳಿರುವುವೆಂದು ಎಣಿಸೋಣ. ಗಿಡವೊಂದಕ್ಕೆ 20 ಲೀಟರಿನಂತೆ ಒಂದು ಸಲ ಕೊಡಲು 1 ಲಕ್ಷ ಲೀಟರ್ ನೀರು ಬೇಕು. ಇದು 10 ಮಿಲಿಮೀಟರ್ ಮಳೆಗೆ ಸಮ. ಮೇಲೆ ಹೇಳಿದ ಖರ್ಚಿನಂತೆ 5 ದಿನಗಳಿಗೆ ಮಾತ್ರ ಸಾಲುವುದು. ನದಿಯು ಕಾಲಬುಡದಲ್ಲಿಯೇ ಹರಿಯುತ್ತಿದ್ದರೂ ಇಷ್ಟು ನೀರನ್ನು ಕಡಿದಾದ ಗುಡ್ಡಕ್ಕೆ ಏರಿಸುವುದು ಸುಲಭವಲ್ಲ. ಆದುದರಿಂದ ಇರುವ ನೀರು ಮೊದಲು ಎಳೆಯ ಗಿಡಗಳಿಗೆ ಸಲ್ಲತಕ್ಕದ್ದು. ಅವುಗಳ ಬುಡವನ್ನು ಬಟ್ಟಲಿನಂತೆ ಮಾಡಿ, ಪದೇ ಪದೇ ಸ್ವಲ್ಪಸ್ವಲ್ಪ ಕೊಡುವುದಕ್ಕಿಂತ ಒಮ್ಮೆ ಆಳಕ್ಕೆ ಇಳಿಯುವಂತೆ ಕೊಡುವುದು ಮೇಲು. ಹನಿನೀರಾವರಿಯ ಕೊಳವೆಗಳನ್ನು ಹಾಕಲು ಶಕ್ತಿಯುಳ್ಳವರು ಎಲೆ ಹಳದಿಯಾಗುವವರೆಗೆ ಕಾಯದೆ, ತಂತುಗಳು ಜೋತುಬಿದ್ದಾಗಲೇ ಆರಂಭಿಸಬೇಕು.

(ಊ) ಬೇರುಸಸಿ: ಹೊಸ ತೋಟ ಹಾಕುವವರು ನೆಲವನ್ನು ನೋಡಿ ಕಸಿಯ ಬೇರುಸಸಿಯನ್ನು ಆರಿಸಬೇಕು. ಎಸ್‌ಓ 4, 5 ಬಿಬಿ ಎಂಬುವು ತೇವವಿರುವ ನೆಲಕ್ಕೆ ಸರಿ. ಒಣನೆಲಕ್ಕೆ 110 ರಿಕ್ಟರ್, 1103 ಪಾಲ್ಸನ್ ಮೊದಲಾದುವು ಹೆಚ್ಚು ತಾಳಿಕೆಯುಳ್ಳವು.

(ಋ) ಕೊಯ್ಲು: ಸಕ್ಕರೆಯ ಅಳತೆಯೊಡನೆ ಹುಳಿಯನ್ನೂ ಬೀಜದ ಬಣ್ಣವನ್ನೂ ರುಚಿಯನ್ನೂ ಪರೀಕ್ಷಿಸಿ ದಿನವನ್ನು ಗೊತ್ತುಮಾಡಬೇಕು. ಮುಂಜಾನೆಯ ತಂಪಿನಲ್ಲಿ ಕೊಯ್ದು, ಸುಟ್ಟ ಹಣ್ಣನ್ನು ಬೇರ್ಪಡಿಸಬೇಕು.

10. ನಮ್ಮ ಬೆಳೆಗಾರರು ತಿಳಿಯತಕ್ಕದ್ದು

ವಿಜಯಪುರ, ಬಾಗಲಕೋಟೆ, ಕೋಲಾರ, ಚಿಕ್ಕಬಳ್ಳಾಪುರದ ಕಡೆಗಳಲ್ಲಿ ದ್ರಾಕ್ಷೆಯು ಚಳಿಗೆ ಮಲಗುವುದಿಲ್ಲ. ನಮ್ಮಲ್ಲಿ ಗಿಡದ ವರ್ಷವನ್ನು ನಡೆಸುವುದು ಸವರುವ ಕತ್ತರಿ ಮತ್ತು ಹಾಯಿಸುವ ನೀರು. ಆದುದರಿಂದ ಜರ್ಮನಿಯ ತಿಂಗಳುಗಳನ್ನು ನಾವು ಅನುಸರಿಸಲಾಗದು. ಆದರೆ ತತ್ತ್ವವು ಒಂದೇ. ಅಲ್ಲಿ ಜೂನ್ ತಿಂಗಳಲ್ಲಿ ಮೊಗ್ಗಿನೊಳಗೆ ರೂಪುಗೊಳ್ಳುವ ಗೊಂಚಲು, ವಿಜಯಪುರ ಬಾಗಲಕೋಟೆಯ ತೋಟಗಳಲ್ಲಿ ಏಪ್ರಿಲ್ ತಿಂಗಳಿನಲ್ಲಿ ಸವರಿದ ಮೇಲೆ ಬರುವ ಚಿಗುರಿನಲ್ಲಿ ರೂಪುಗೊಳ್ಳುತ್ತದೆ. ಕೊಳವೆಬಾವಿಯ ನೀರು ಇಳಿದ ಬೇಸಗೆಯಲ್ಲಿ ಹಣ್ಣು ಕಾಣದ ಆ ತೋಟವನ್ನು ಅಲಕ್ಷ್ಯಮಾಡಿದರೆ ಅಕ್ಟೋಬರಿನ ಸವರಿಕೆಯ ತರುವಾಯ ಗೊಂಚಲು ವಿರಳವಾಗುವುದು. ನೀರು ಸಾಲದ ವರ್ಷದಲ್ಲಿ ಎಲ್ಲ ಗಿಡಗಳಿಗೂ ಅರೆಹೊಟ್ಟೆಯಾಗುವಂತೆ ಹಂಚುವುದಕ್ಕಿಂತ, ಯಾವ ಕಾಲಕ್ಕೆ, ಯಾವ ಗಿಡಕ್ಕೆ ಮೊದಲು ಎಂಬುದನ್ನು ನಿಶ್ಚಯಿಸಿಕೊಳ್ಳುವುದು ಇಲ್ಲಿಯೂ ಅವಶ್ಯಕ.

11. ಜ್ಞಾಪಕದಲ್ಲಿಡತಕ್ಕ ಅಂಶಗಳು

1. ಮಳೆಯ ಅಳತೆಯೊಡನೆ ನೆಲದ ಆಳವನ್ನೂ ಗಿಡದ ವಯಸ್ಸನ್ನೂ ಲೆಕ್ಕಕ್ಕೆ ತೆಗೆದುಕೊಳ್ಳಿರಿ.

2. ಮಿತವಾದ ಕೊರತೆಯು ತಂಪುಸೀಮೆಯ ಹಣ್ಣಿಗೆ ಹಿತ. ಎಲೆಯುದುರಿಸುವ ಕೊರತೆಯು ಎರಡು ವರ್ಷಗಳಿಗೆ ನಷ್ಟ.

3. ಮಧ್ಯಾಹ್ನದ ಬಿಸಿಲಿನ ಕಡೆಯ ಎಲೆಗಳನ್ನು ಕೀಳಬೇಡಿರಿ.

4. ಸಕ್ಕರೆ ಏರಿದ ಮಾತ್ರಕ್ಕೆ ಹಣ್ಣು ಮಾಗಿತೆಂದು ನಂಬಬೇಡಿರಿ.

5. ಇರುವ ನೀರನ್ನು ಎಳೆಯ ಗಿಡಗಳಿಗೆ ಮೊದಲು ಕೊಡಿರಿ.

6. ಬೆಳೆಯನ್ನೂ ಗಿಡವನ್ನೂ ಎರಡನ್ನೂ ಉಳಿಸಲಾಗದೆಂದು ಕಂಡಾಗ, ತಡಮಾಡದೆ ಬೆಳೆಯನ್ನು ಬಿಟ್ಟು ಗಿಡವನ್ನು ಉಳಿಸಿಕೊಳ್ಳಿರಿ. ಗಿಡವಿದ್ದರೆ ಫಲವು ಮುಂದಿನ ವರ್ಷಗಳಲ್ಲಿ ಬಂದೇ ಬರುವುದು.